ದೇವರು ಬಂತಾ, ಬಂದನಾ, ಬಂದರಾ?

ಕಾಳಿ ಸೇತುವೆ, ಕಾರವಾರ · ಸೋಮವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ನಮ್ಮ ಮನೆಯಲ್ಲಿ ಒಂದು ತಕರಾರು ನಡೆದಿದೆ. ನೀವೇ ಬಗೆಹರಿಸಿ ಕೊಡಿ.

ಮಗಳು ಐದನೇ ಕ್ಲಾಸು. ಶಾಲೆಯಲ್ಲಿ 'ನಮ್ಮೂರ ಜಾತ್ರೆ' ಅಂತ ಪ್ರಬಂಧ ಬರೆಯಲು ಹೇಳಿದ್ದರು. ಅವಳು ಅಜ್ಜಿಮನೆಯ ಜಾತ್ರೆ ಬರೆದಳು. ಅದರಲ್ಲಿ ಹೀಗಿದೆ: "ರಾತ್ರಿ ಹತ್ತು ಗಂಟೆಗೆ ದೇವರು ನಮ್ಮ ಬಾಗಿಲಿಗೆ ಬಂತು. ಅಜ್ಜಿ ಆರತಿ ಮಾಡಿದಳು. ಆಮೇಲೆ ದೇವರು ಪಕ್ಕದ ಮನೆಗೆ ಹೋಯಿತು." ಅಕ್ಕೋರು 'ಬಂತು' ಅನ್ನೋದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ 'ಬಂದರು' ಅಂತ ತಿದ್ದಿದ್ದಾರೆ. 'ಹೋಯಿತು' ಹೋಗಿ 'ಹೋದರು' ಆಗಿದೆ. ಅರ್ಧ ಮಾರ್ಕು ಕಟ್.

ನನ್ನ ಗಂಡ ಮಂಡ್ಯ ಕಡೆಯವರು. "ಎರಡೂ ತಪ್ಪು, ದೇವರು ಬಂದ ಅನ್ನಬೇಕು" ಅಂತಾರೆ.

ನನಗೆ 'ಬಂತು' ಬಿಟ್ಟು ಬೇರೆ ಬಾಯಿಗೇ ಬರುವುದಿಲ್ಲ. ಪಲ್ಲಕ್ಕಿ ತಿರುವಿನಲ್ಲಿ ಕಂಡ ಕೂಡಲೇ ಅಮ್ಮ ಒಳಗೆ ಕೂಗುತ್ತಿದ್ದದ್ದು "ದೇವರು ಬಂತು, ಆರತಿ ತಟ್ಟೆ ತಾ" ಅಂತಲೇ. ಬಂದರು ಅಂದಿದ್ದರೆ ಯಾರೋ ನೆಂಟರು ಅಂದುಕೊಂಡು ನಾನು ಚಾಪೆ ಹಾಸುತ್ತಿದ್ದೆ.

ಮಗಳು ಅಳಲಿಲ್ಲ. ಆದರೆ "ಅಜ್ಜಿ ತಪ್ಪು ಮಾತಾಡ್ತಾಳಾ?" ಅಂತ ಕೇಳಿದಳು. ಅದು ಸ್ವಲ್ಪ ಚುಚ್ಚಿತು.


ಬೈತಖೋಲ ಬೋಟು · ಸೋಮವಾರ ರಾತ್ರಿ 9:24

ಅಕ್ಕಾ, ಕಾರವಾರದಲ್ಲಿ "ದೇವರು ಬಂದರು" ಅಂತ ಬರೆದರೆ ದೇವರ ಹೆಸರಿನಲ್ಲಿ ಹೊಸ ಬಂದರು ಕಟ್ಟಿದರು ಅಂದುಕೊಳ್ತಾರೆ. ನಮಗೆ ಬಂದರು ಅಂದ್ರೆ ಬೋಟು ನಿಲ್ಲುವ ಜಾಗ.

ನಮ್ಮ ಮನೆಯಲ್ಲಿ ಕೊಂಕಣಿ. "ದೇವ ಆಯ್ಲೊ" ಅಂತೀವಿ, ಗಂಡಸು ಬಂದ ಹಾಗೆ. ದೇವಿ ಆದರೆ "ಆಯ್ಲಿ". ಪಾಲಕಿಗೂ, ಅಂದ್ರೆ ಪಲ್ಲಕ್ಕಿಗೂ, "ಆಯ್ಲಿ". ನಮಗೆ ಈ ತಲೆನೋವು ಇಲ್ಲ. ಆದರೆ ಅದೇ ನಾನು ಕನ್ನಡದಲ್ಲಿ ಮಾತಾಡುವಾಗ "ದೇವರು ಬಂತು" ಅಂತಲೇ ಅಂತೀನಿ. ಯಾಕೆ ಅಂತ ಇವತ್ತಿನವರೆಗೆ ಯೋಚನೆ ಮಾಡಿರಲಿಲ್ಲ.


ಹಳೇ ಮಾಸ್ತರು, ಕುಮಟಾ · ಸೋಮವಾರ ರಾತ್ರಿ 10:02

ಮೂವತ್ತು ವರ್ಷ ಕನ್ನಡ ಕಲಿಸಿದವನು ನಾನು. ಇಂಥ ಅರ್ಧ ಮಾರ್ಕು ನಾನೂ ಎಷ್ಟೋ ಕತ್ತರಿಸಿದ್ದೇನೆ. ಆ ಅಕ್ಕೋರನ್ನು ಬೈಯುವ ಮೊದಲು ನನ್ನನ್ನೂ ಸೇರಿಸಿಕೊಳ್ಳಿ.

'ದೇವರು' ಅನ್ನುವ ಶಬ್ದದ ಹುಟ್ಟಿನಲ್ಲೇ ಈ ತಂಟೆ ಇದೆ. ದೇವ ಅನ್ನುವುದು ಒಬ್ಬ. ಅದಕ್ಕೆ ಮರ್ಯಾದೆಯ 'ರು' ಸೇರಿಸಿದೆವು. ರಾಯ ಹೋಗಿ ರಾಯರು ಆದ ಹಾಗೆ, ಭಟ್ಟ ಹೋಗಿ ಭಟ್ಟರು ಆದ ಹಾಗೆ. ಭಟ್ಟರು ಬಂದರು, ರಾಯರು ಬಂದರು. ಲೆಕ್ಕದ ಪ್ರಕಾರ ದೇವರೂ ಬಂದರು ಅಂತ ಆಗಬೇಕು. ಅಕ್ಕೋರ ಲೆಕ್ಕ ಅದು.

ಆದರೆ ಮಾತು ಲೆಕ್ಕ ಕೇಳುವುದಿಲ್ಲ. ಕಷ್ಟದಲ್ಲಿ ಇದ್ದವರಿಗೆ ನಾವು ಏನು ಹೇಳುತ್ತೇವೆ? "ದೇವರಿದ್ದಾನೆ ಬಿಡು" ಅಂತ. ದೇವರಿದ್ದಾರೆ ಅಂತ ಯಾರೂ ಸಮಾಧಾನ ಮಾಡುವುದಿಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ ಅನ್ನುತ್ತೇವೆ, ಮೇಯಿಸ್ತಾರಾ ಅನ್ನುವುದಿಲ್ಲ. ಹೆಸರಿಗೆ ಬಹುವಚನ, ಕೆಲಸಕ್ಕೆ ಏಕವಚನ. ಕನ್ನಡದಲ್ಲಿ ಹೀಗೆ ನಡೆಯುವ ಬೇರೆ ಶಬ್ದ ನನಗೆ ತಟ್ಟನೆ ಹೊಳೆಯುವುದಿಲ್ಲ. ಎದುರು ನಿಂತು ಮಾತಾಡುವಾಗಲೂ "ದೇವರೇ, ನೀನೇ ಕಾಪಾಡು" ಅಂತೇವೆ. "ನೀವು ಕಾಪಾಡಬೇಕು" ಅಂದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟ ಹಾಗಾಗುತ್ತದೆ.

ಹಾಗಾಗಿ ಮಂಡ್ಯದ ಅಳಿಯಂದಿರ ಮಾತಿನಲ್ಲಿ ಹುರುಳಿದೆ. ಮೇಲಿರುವ ದೇವರಿಗೆ 'ಇದ್ದಾನೆ' ಸರಿ. ಆದರೆ ಬಾಗಿಲಿಗೆ ಬರುವುದು ಮೂರ್ತಿ. ಮೂರ್ತಿ ಬಂತು, ಹಾಗಾಗಿ ದೇವರು ಬಂತು. ಮಗು ಬರೆದದ್ದು ತಪ್ಪಲ್ಲ.


ಅಡಿಕೆ ಸಿಪ್ಪೆ, ಶಿರಸಿ · ಸೋಮವಾರ ರಾತ್ರಿ 10:40

ಮಾಸ್ತರೇ, ಮೊದಲರ್ಧ ಒಪ್ಪಿದೆ. ಎರಡನೇ ಅರ್ಧ ಒಪ್ಪಲಾರೆ.

ಮೂರ್ತಿ ಅಂತ 'ಬಂತು' ಅನ್ನುವುದಾದರೆ ಮೈಮೇಲೆ ಬರುವ ದೇವರಿಗೆ ಏನು ಹೇಳುತ್ತೀರಿ? ಅಲ್ಲಿ ಮೂರ್ತಿಯೇ ಇಲ್ಲ. ಆದರೂ "ಅವನ ಮೈಮೇಲೆ ದೇವರು ಬಂತು" ಅಂತೇವೆ. "ದೇವರು ಇಳಿಯಿತು" ಅಂತೇವೆ. ದೇವರು ಬಂದ, ದೇವರು ಇಳಿದ ಅಂತ ಯಾರ ಬಾಯಲ್ಲೂ ಕೇಳಿಲ್ಲ.

ಇನ್ನೊಂದು. ನಮ್ಮ ಹವ್ಯಕರ ಮಾತಿನಲ್ಲಿ ಹೆಂಗಸರಿಗೆಲ್ಲ 'ಬಂತು'ವೇ. ಆಯಿ ಬಂತು. ಅತ್ತಿಗೆ ಬಂತು. ತೊಂಬತ್ತು ವರ್ಷದ ಅಜ್ಜಿಯೂ 'ಅದು'. ಘಟ್ಟದ ಕೆಳಗಿನ ನೆಂಟರು ಬಿಟ್ಟರೆ ಬೇರೆಯವರು ಕೇಳಿ ಗಾಬರಿ ಆಗುತ್ತಾರೆ. ನಾನು ಹುಬ್ಬಳ್ಳಿಯಲ್ಲಿ ಹಾಸ್ಟೆಲಲ್ಲಿದ್ದಾಗ ಫೋನಿನಲ್ಲಿ "ಆಯಿ ಎಲ್ಲಿದ್ದು, ಮನಿಗೆ ಬಂತಾ?" ಅಂತ ಕೇಳಿದ್ದೆ. ಪಕ್ಕದ ಮಂಚದವನು "ಏನು, ಎಮ್ಮೆ ತಪ್ಪಿಸ್ಕೊಂಡಿತ್ತಾ?" ಅಂದ. ಅವನಿಗೆ ಅದು ದನದ ಸುದ್ದಿ. ನನಗೆ ನನ್ನ ತಾಯಿ.

ತೆಲುಗಿನಲ್ಲೂ ಹೀಗೇ. 'ಆಮೆ ವಚ್ಚಿಂದಿ' ಅಂತಾರೆ, ಹೆಂಗಸಿಗೂ ವಸ್ತುವಿಗೂ ಅದೇ ಕ್ರಿಯಾಪದ. ಕೊಂಕಣಿಯವರೂ ಸಣ್ಣ ಹುಡುಗಿಯರಿಗೆ 'ತೆಂ ಆಯ್ಲೆಂ' ಅಂತಾರೆ, ಅದೂ ನಪುಂಸಕವೇ. ಬೋಟಿನವರು ಅದನ್ನು ಹೇಳದೇ ತಲೆನೋವೇ ಇಲ್ಲ ಅಂದುಬಿಟ್ಟರು.

ನಪುಂಸಕಲಿಂಗ ಅಂದ ಕೂಡಲೇ ಮರ್ಯಾದೆ ಕಡಿಮೆ ಅನ್ನುವುದು ವ್ಯಾಕರಣ ಪುಸ್ತಕದ ಹೆದರಿಕೆ. ಕೆಲವಕ್ಕೆ ಗಂಡು ಹೆಣ್ಣು ಅನ್ನುವ ಗೆರೆಯೇ ಬೇಡ.


ಬೈತಖೋಲ ಬೋಟು · ಸೋಮವಾರ ರಾತ್ರಿ 10:47

ಹೌದು, 'ತೆಂ' ಮರೆತೇಬಿಟ್ಟೆ. ನನ್ನ ತಂಗಿ ಮದುವೆ ಆಗುವವರೆಗೂ 'ತೆಂ' ಆಗಿದ್ದಳು. ಈಗ 'ತಿ'. ಬಡ್ತಿ ಸಿಕ್ಕಿದೆ.


ಬಂಡಿಹಬ್ಬ, ಅಂಕೋಲಾ · ಮಂಗಳವಾರ ಬೆಳಿಗ್ಗೆ 6:55

ಶಿರಸಿಯವರು ಹೇಳಿದ್ದಕ್ಕೆ ಒಂದು ಕಣ್ಣಾರೆ ಕಂಡದ್ದು ಸೇರಿಸುತ್ತೇನೆ.

ನಮ್ಮಲ್ಲಿ ಬಂಡಿಹಬ್ಬದ ದಿನ ಗುನಗರು, ಅಂದರೆ ಗುಡಿಯ ಪೂಜಾರಿಗಳು, ಕಳಸ ಹೊರುತ್ತಾರೆ. ಕಳಸ ಗುಡಿಯ ಒಳಗೆ ಇರುವಾಗ ಅದು ಬರೀ ಕಳಸ. ಹೂ ಕಟ್ಟುವವರು "ಕಳಸ ಇತ್ಲಾಗೆ ತಿರುಗಿಸಿ, ಈ ಬದಿ ಅಬ್ಬಲಿಗೆ ಕಡಿಮೆ ಆಯ್ತು" ಅಂತ ಮಾತಾಡಿಕೊಳ್ಳುತ್ತಾರೆ. ಹೊತ್ತವರ ತಲೆಗೆ ಏರಿ, ವಾದ್ಯದ ಸದ್ದು ಬದಲಾಗಿ, ಅವರ ಮೊಣಕಾಲು ನಡುಗಲು ಶುರುವಾದ ಕೂಡಲೇ ಕಳಸ ಅನ್ನುವ ಶಬ್ದ ಯಾರ ಬಾಯಲ್ಲೂ ಇಲ್ಲ. "ದೇವರು ಬಂತು, ದಾರಿ ಬಿಡಿ." ಅದೇ ತಾಮ್ರದ ಕಳಸ, ಅದೇ ಅಬ್ಬಲಿಗೆ ದಂಡೆ. ಎರಡು ನಿಮಿಷದಲ್ಲಿ ಹೆಸರು ಬದಲಾಯಿತು. ಹೊತ್ತ ಮನುಷ್ಯನ ಹೆಸರೂ ಬದಲಾಯಿತು. ಬೆಳಿಗ್ಗೆ ನನ್ನ ಹತ್ತಿರ ಬೀಡಿಗೆ ಬೆಂಕಿಪೊಟ್ಟಣ ಕೇಳಿದವರ ಕಾಲಿಗೆ ಮಧ್ಯಾಹ್ನ ನಾನೇ ಬಿದ್ದಿದ್ದೇನೆ.

ನನಗೆ ಅನಿಸುವುದು, 'ಬಂತು' ಅನ್ನುವುದು ತಾನಾಗಿ ಬರುವುದಕ್ಕೆ. ಮಳೆ ಬಂತು. ಜ್ವರ ಬಂತು. ನಿದ್ದೆ ಬಂತು. ಸಿಟ್ಟು ಬಂತು. ಇವನ್ನು ನಾವು ಕರೆದು ತರುವುದಿಲ್ಲ, ತಡೆಯಲೂ ಆಗುವುದಿಲ್ಲ. ದೇವರೂ ಆ ಸಾಲಿನಲ್ಲಿ ಇದೆ.

(ನೋಡಿ, ಬರೆಯುತ್ತ ನಾನೇ 'ಇದೆ' ಅಂದೆ.)


ಹಳೇ ಮಾಸ್ತರು, ಕುಮಟಾ · ಮಂಗಳವಾರ ಬೆಳಿಗ್ಗೆ 8:30

ಮಳೆ ಬಂತು, ದೇವರು ಬಂತು. ಒಪ್ಪಿದೆ. ಮೂರ್ತಿಯ ವಾದ ಹಿಂತೆಗೆದುಕೊಳ್ಳುತ್ತೇನೆ. ವಯಸ್ಸಾದ ಮೇಲೆ ಸೋಲುವುದು ಸುಲಭ.

ಹಾಗೇ ಇನ್ನೊಂದು ಗಮನಿಸಿ. ಎಣಿಸುವಾಗಲೂ ನಾವು "ಗುಡಿಯಲ್ಲಿ ಐದು ದೇವರು ಇವೆ" ಅಂತೇವೆ. ಐವರು ದೇವರಿದ್ದಾರೆ ಅನ್ನುವುದಿಲ್ಲ. ಪಾಂಡವರು ಐವರು, ದೇವರು ಐದು.


ಮುಂಡಗೋಡ ಬಸ್‌ಸ್ಟ್ಯಾಂಡು · ಮಂಗಳವಾರ ಬೆಳಿಗ್ಗೆ 9:15

ನಿಮ್ಮ ಅಕ್ಕೋರು ಯಾವ ಕಡೆಯವರು ಅಂತ ಕೇಳಿ ನೋಡಿ. ನಮ್ಮ ಕಡೆ, ಹಾವೇರಿ, ಧಾರವಾಡದ ಕಡೆಯವರಾಗಿದ್ದರೆ ಅವರ ಕಿವಿಗೆ "ದೇವರು ಬಂದರು" ಸಹಜ. ಲಿಂಗಾಯತ ಮಠಗಳಲ್ಲಿ ಇನ್ನೂ ಪಟ್ಟ ಆಗದ ಮರಿಸ್ವಾಮಿಗಳ ಹೆಸರಿನ ಮುಂದೆ 'ದೇವರು' ಅಂತ ಸೇರಿಸುತ್ತಾರೆ. ಪಟ್ಟ ಆದ ಮೇಲೂ ಕೆಲವು ಮಠಗಳಲ್ಲಿ 'ಪಟ್ಟದ್ದೇವರು' ಅಂತಲೇ ಕರೆಯುವುದು. ಅವರು ಕಾರಿನಿಂದ ಇಳಿದರೆ "ದೇವರು ಬಂದರು, ದೇವರು ಪ್ರಸಾದ ಮಾಡಿದರು" ಅಂತಾರೆ. ಪ್ರಸಾದ ಮಾಡಿದರು ಅಂದ್ರೆ ಊಟ ಮಾಡಿದರು ಅಂತ, ಗೊತ್ತಿಲ್ಲದವರಿಗೆ ಹೇಳಿದೆ.

ಹಂಗಾಗಿ 'ಬಂದರು'ಗೂ ಒಂದು ಜಾಗ ಐತಿ.


ಹಳೇ ಮಾಸ್ತರು, ಕುಮಟಾ · ಮಂಗಳವಾರ ಬೆಳಿಗ್ಗೆ 9:50

ಒಳ್ಳೆಯ ಮಾತು ನೆನಪಿಸಿದಿರಿ. ಮನುಷ್ಯರಿಗೆ 'ದೇವರು' ಅನ್ನುವುದು ಹೊಸದಲ್ಲ. ಚಾಲುಕ್ಯ ರಾಜ ಆರನೇ ವಿಕ್ರಮಾದಿತ್ಯನ ಕಾಲದ, ಅಂದರೆ 1076ರಿಂದ 1126ರವರೆಗಿನ, ಶಾಸನಗಳಲ್ಲಿ 'ತ್ರಿಭುವನಮಲ್ಲದೇವರ ವಿಜಯರಾಜ್ಯಂ' ಅಂತ ಬರುತ್ತದೆ. ಅಲ್ಲಿ ದೇವರು ಅಂದರೆ ರಾಜ. ಅದೇ ಕಲ್ಲಿನಲ್ಲಿ ನಾಲ್ಕು ಸಾಲು ಕೆಳಗೆ ಬಂದರೆ 'ದೇವರ ಅಂಗಭೋಗ ರಂಗಭೋಗಕ್ಕೆ' ಅಂತ, ಅಂದರೆ ಪೂಜೆ ಉತ್ಸವಗಳ ಖರ್ಚಿಗೆ, ಗದ್ದೆ ಬಿಟ್ಟ ಲೆಕ್ಕ. ಅಲ್ಲಿ ದೇವರು ಅಂದರೆ ಗುಡಿಯ ಒಳಗಿನವನು. ಕೊಡುವವರೂ ದೇವರು, ತೆಗೆದುಕೊಳ್ಳುವವರೂ ದೇವರು. ನಾವು ಓದುವಾಗ ಬೆರಳಿಟ್ಟು ಓದಬೇಕು.


ಬಾಂಡ್ ರೈಟರ್, ಹೊನ್ನಾವರ · ಮಂಗಳವಾರ ಮಧ್ಯಾಹ್ನ 1:20

ತೆಗೆದುಕೊಳ್ಳುವ ದೇವರು ಇನ್ನೂ ಕಾಗದದಲ್ಲಿ ಇದೆ ಮಾಸ್ತರೇ. ನನ್ನ ದಿನದ ಅನ್ನವೇ ಅದು.

ನಮ್ಮ ಜಿಲ್ಲೆಯ ಹಳೇ ಪಹಣಿ ತೆಗೆದು ನೋಡಿ. ಕಬ್ಜೇದಾರರ ಹೆಸರಿನಲ್ಲಿ 'ಶ್ರೀ ಇಂಥ ದೇವರು' ಅಂತ ಇರುತ್ತದೆ. ಕೆಳಗೆ 'ವಹಿವಾಟದಾರ' ಅಂತ ಒಬ್ಬ ಮನುಷ್ಯನ ಹೆಸರು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬೈ ಇಲಾಖೆಗೆ ಸೇರಿಸಿದರಲ್ವಾ, ಇಂಥ ಶಬ್ದಗಳಿಗೆ ಆ ಕಡೆಯ ವಾಸನೆ ಇದೆ. ಜಾಗದ ಯಜಮಾನ ದೇವರು. ವಹಿವಾಟದಾರ ಬರೀ ನೋಡಿಕೊಳ್ಳುವವನು.

ಕೋರ್ಟಿನಲ್ಲೂ ದೇವರು ವಾದಿ ಆಗಬಹುದು. ಕಾನೂನು ದೇವರನ್ನು ಒಬ್ಬ ವ್ಯಕ್ತಿ ಅಂತ ಒಪ್ಪುತ್ತದೆ. ಆದರೆ ಎಂಥ ವ್ಯಕ್ತಿ? ಯಾವತ್ತೂ ದೊಡ್ಡದಾಗದ ಮಗುವಿನಂಥ ವ್ಯಕ್ತಿ. ಹಾಗಾಗಿ ದೇವರ ಪರವಾಗಿ ಮೊಕ್ತೇಸರರು ಸಹಿ ಹಾಕಬೇಕು. ಮೊದಲ ಸಲ ಇದನ್ನು ಕೇಳಿದಾಗ ನನಗೆ ನಗು ಬಂತು. ಲೋಕ ಕಾಯುವವನಿಗೆ ಪಾಲಕರು ಬೇಕು. ಆಮೇಲೆ ನಾಲ್ಕಾರು ದೇವರ ಜಮೀನಿನ ಫೈಲು ನೋಡಿದ ಮೇಲೆ ನಗು ನಿಂತಿತು. ಪಾಲಕರು ಬೇಕೇ ಬೇಕು. ಪಾಲಕರ ಮೇಲೂ ಒಬ್ಬ ಪಾಲಕ ಬೇಕು.

1974ರ ಭೂಸುಧಾರಣೆಯಲ್ಲಿ ದೇವರ ಗದ್ದೆಗಳು ಗೇಣಿದಾರರಿಗೆ ಹೋದವು. ಅದಕ್ಕೆ ಬದಲಾಗಿ ಸರಕಾರ ವರ್ಷಕ್ಕಿಷ್ಟು ಅಂತ ತಸ್ತೀಕು ಕೊಡುತ್ತದೆ. ಆಗ ಗದ್ದೆ ಸಿಕ್ಕಿದ ಒಬ್ಬ ಅಜ್ಜ ನನ್ನ ಹತ್ತಿರ ಹೇಳಿದ್ದು ಹೀಗೆ: "ಗದ್ದೆ ಸರಕಾರ ಕೊಟ್ಟಿತು, ಆದರೆ ದೇವರು ಬಿಡಲಿಲ್ಲ." ಅವರು ಈಗಲೂ ಪ್ರತಿ ವರ್ಷ ಹೊಸ ಅಕ್ಕಿಯ ಮೊದಲ ಸೇರು ಗುಡಿಗೆ ಕೊಟ್ಟು ಬರುತ್ತಾರೆ. 'ಬಿಡಲಿಲ್ಲ' ಅಂತ ಹೇಳಿದ್ದರಿಂದ ಅದು ಯಾವ ಲಿಂಗ ಅಂತ ಗೊತ್ತಾಗುವುದಿಲ್ಲ, ಜಾಣ ಅಜ್ಜ.


ಸುರಗಿ ಮರ, ಭಟ್ಕಳ · ಮಂಗಳವಾರ ಮಧ್ಯಾಹ್ನ 2:45

ಎಲ್ಲರೂ ದೇವರನ್ನೇ ಹಿಡಿದಿದ್ದೀರಿ. ದೇವರ ಮನೆಯ ಹೆಸರು ಬದಲಾಗುವುದನ್ನು ಯಾಕೆ ಯಾರೂ ಹೇಳುತ್ತಿಲ್ಲ?

ನಮ್ಮ ಮನೆಯ ಹಿಂದೆ ಒಂದು ಜಟ್ಗ, ಅಂದರೆ ಊರು ಕಾಯುವ ದೇವರು, ಇತ್ತು. ಸುರಗಿ ಮರದ ಬುಡ, ಎರಡು ಕಲ್ಲು. ಒಂದರಲ್ಲಿ ಕತ್ತಿ ಹಿಡಿದ ವೀರ. ಇನ್ನೊಂದು ಮಾಸ್ತಿ, ಅಂದರೆ ಸತಿ ಹೋದವಳ ಕಲ್ಲು, ಬಳೆ ತೊಟ್ಟ ಒಂದು ಕೈ ಮೇಲೆತ್ತಿದೆ. ಮೇಲೆ ಮಾಡು ಇರಲಿಲ್ಲ. ಸುರಗಿ ಹೂ ಬಿಟ್ಟಾಗ ತಾನಾಗಿ ಕಲ್ಲಿನ ಮೇಲೆ ಬೀಳುತ್ತಿತ್ತು. ನಾವು ಅದನ್ನು 'ಜಟ್ಗನ ಮನೆ' ಅಂತಿದ್ದೆವು. ಕೋಳಿ ಕೊಡುತ್ತಿದ್ದೆವು.

ಆಮೇಲೆ ಹಂಚಿನ ಮಾಡು ಬಂತು. 'ಜಟ್ಗನ ಗುಡಿ' ಆಯಿತು. ಹದಿನೈದು ವರ್ಷದ ಹಿಂದೆ ಸ್ಲ್ಯಾಬು ಹಾಕಿ, ಟೈಲ್ಸ್ ಕೂರಿಸಿ, ಗೇಟಿಗೆ ಬೋರ್ಡು ಹೊಡೆದರು: ಶ್ರೀ ಜಟಕೇಶ್ವರ ದೇವಸ್ಥಾನ. ಮಾಸ್ತಿ 'ಮಹಾಸತಿ ಅಮ್ಮನವರು' ಆದಳು. ಕೋಳಿ ನಿಂತಿತು, ಕುಂಬಳಕಾಯಿ ಬಂತು. ಮರ ಕಡಿದರು, ಬೇರು ಸ್ಲ್ಯಾಬು ಎತ್ತುತ್ತದೆ ಅಂತ.

ಚೌಡಿ ಎಲ್ಲಾ ಕಡೆ ಚೌಡೇಶ್ವರಿ ಆಗಿದ್ದಾಳೆ. ಬೀರ ವೀರಭದ್ರ ಆಗಿದ್ದಾನೆ. ಮನೆ ಇದ್ದದ್ದು ಗುಡಿ, ಗುಡಿ ಇದ್ದದ್ದು ದೇವಸ್ಥಾನ. ಸಿಮೆಂಟು ಹೆಚ್ಚಾದ ಹಾಗೆ ಸಂಸ್ಕೃತ ಹೆಚ್ಚಾಗುತ್ತದೆ. ನನಗೆ ಇದು ಸೇರುವುದಿಲ್ಲ, ಹೇಳಿಬಿಡುತ್ತೇನೆ. ಅಮ್ಮ ಮಾತ್ರ ಇನ್ನೂ "ಜಟ್ಗನ ಮನೆಗೆ ದೀಪ ಇಟ್ಟು ಬಾ" ಅಂತಾಳೆ.


ಗದ್ದುಗೆ, ಶಿರಸಿ · ಮಂಗಳವಾರ ಸಂಜೆ 5:30

ಸುರಗಿ ಮರದವರೇ, ನಿಮ್ಮ ಮಾತು ಪೂರ್ತಿ ನಿಜ ಅಲ್ಲ. ನಮ್ಮ ಮಾರಿಗುಡಿ ನೋಡಿ. ಬೋರ್ಡಿನಲ್ಲಿ ಶ್ರೀ ಮಾರಿಕಾಂಬಾ ದೇವಸ್ಥಾನ ಅಂತಲೇ ಇದೆ. ದೇವಸ್ಥಾನ ಶುರುವಾದದ್ದು 1688ರಲ್ಲಿ ಅಂತ ಹೇಳುತ್ತಾರೆ. ರಾಜ್ಯದ ಎಲ್ಲಾ ಕಡೆಯಿಂದ ಜನ ಬರುತ್ತಾರೆ. ಆದರೆ ಶಿರಸಿಯಲ್ಲಿ ರಿಕ್ಷಾದವನಿಗೆ "ಮಾರಿಗುಡಿ" ಅಂದರೇ ಗಾಡಿ ಹೊರಡುವುದು. ಎಷ್ಟು ದೊಡ್ಡದಾದರೂ ಗುಡಿ ಗುಡಿಯೇ.

ಗುಡಿ ಬೇರೆ, ದೇವರು ಬೇರೆ ಅನ್ನುವುದು ನಮಗೆ ಎರಡು ವರ್ಷಕ್ಕೊಮ್ಮೆ ಕಣ್ಣೆದುರು ಕಾಣುತ್ತದೆ. ಜಾತ್ರೆಯಲ್ಲಿ ಅಮ್ಮ ಗುಡಿಯಿಂದ ಹೊರಟು ರಥ ಏರಿ ಬಿಡ್ಕಿ ಬಯಲಿಗೆ ಬಂದು ಗದ್ದುಗೆಯಲ್ಲಿ ಕೂರುತ್ತಾಳೆ. ಏಳಡಿಯ ಮರದ ಮೂರ್ತಿ, ಎಂಟು ಕೈ. ಆ ದಿನಗಳಲ್ಲಿ ಗುಡಿ ಅಲ್ಲೇ ಇರುತ್ತದೆ, ದೇವರು ಇಲ್ಲಿ ಇರುತ್ತದೆ. ಜಾತ್ರೆ ಮುಗಿದ ಮೇಲೆ ಯುಗಾದಿಯವರೆಗೆ ದರ್ಶನವೇ ಇಲ್ಲ. ಯುಗಾದಿಗೆ ಮತ್ತೆ ಪ್ರತಿಷ್ಠೆ.

ಒಂದು ಸಲ ನಾನು ಆ ನಡುವಿನ ದಿನಗಳಲ್ಲಿ ಸುಮ್ನೆ ಗುಡಿಯ ಕಡೆ ಹೋಗಿದ್ದೆ. ಎಂದಿನ ಹೂವಿನ ಅಂಗಡಿ ಮುಚ್ಚಿತ್ತು. ಅಂಗಳ ಗುಡಿಸುತ್ತಿದ್ದ ಅಕ್ಕ ಒಬ್ಬಳೇ ಇದ್ದಳು. ನಾನು ಅಭ್ಯಾಸದಿಂದ ಬಾಗಿಲ ಕಡೆ ಕೈ ಮುಗಿದೆ. ಆಕೆ ಕಸಬರಿಗೆ ನಿಲ್ಲಿಸದೆ ಹೇಳಿದಳು, "ಯಾರಿಗೆ ಮುಗೀತೀರಿ? ಇಲ್ಲಿ ಈಗ ಗುಡಿ ಮಾತ್ರ."

ಅಮ್ಮನಿಗೆ ನಾವು ಎಲ್ಲಾ ಕ್ರಿಯಾಪದವನ್ನೂ ಬಳಸುತ್ತೇವೆ. ರಥ ಕಂಡರೆ "ಅಮ್ಮ ಬಂತು". ಕಥೆ ಹೇಳುವಾಗ "ಅಮ್ಮ ಬಂದಳು". ಮೈಕಿನಲ್ಲಿ "ಶ್ರೀದೇವಿಯವರು ಆಗಮಿಸುತ್ತಿದ್ದಾರೆ". ಮೈಕಿನ ಕನ್ನಡವನ್ನು ಯಾರೂ ಮನೆಯಲ್ಲಿ ಮಾತಾಡುವುದಿಲ್ಲ. ಅಕ್ಕೋರು ಕಲಿಸುತ್ತಿರುವುದು ಮೈಕಿನ ಕನ್ನಡ.


ಹಳೇ ಮಾಸ್ತರು, ಕುಮಟಾ · ಮಂಗಳವಾರ ಸಂಜೆ 6:10

ಗುಡಿಯ ಮಾತು ಬಂತಲ್ಲ, ಎರಡೇ ಸಾಲು. ಗುಡಿ ಅಂದರೆ ಹಳಗನ್ನಡದಲ್ಲಿ ಬಾವುಟ ಕೂಡ. ಕಾರವಾರದ ಕೆಲವು ಮನೆಗಳಲ್ಲಿ ಯುಗಾದಿಗೆ ಏರಿಸುವ ಗುಡಿ ಆ ಬಾವುಟದ ಗುಡಿ. 'ಗುಡಿಗಟ್ಟು' ಅಂದರೆ ಗುಂಪಾಗಿ ಸುತ್ತ ಸೇರುವುದು. ಒಂದನೇ ಕ್ಲಾಸಿನಲ್ಲಿ 'ಕ'ಗೆ ಗುಡಿಸು ಕೊಟ್ಟರೆ 'ಕಿ'. ಅಕ್ಷರದ ತಲೆಯ ಮೇಲೂ ಒಂದು ಗುಡಿ ಇದೆ.

ದೇಗುಲ ಅನ್ನುವುದು ದೇವಕುಲದಿಂದ ಸವೆದು ಬಂದದ್ದು. ದೇವಳ ಅನ್ನುವುದು ದೇವಾಲಯದಿಂದ. ಬಸದಿ ನಮ್ಮ ಬಾಯಲ್ಲಿ ಬಸ್ತಿ ಆಗಿದೆ. ಮುರ್ಡೇಶ್ವರದ ಹತ್ತಿರ ಬಸ್ತಿ ಅಂದರೆ ಬಸ್ ನಿಲ್ಲುತ್ತದೆ, ಇಳಿಯುವ ಎಷ್ಟು ಜನರಿಗೆ ಜೈನ ಬಸದಿ ನೆನಪಾಗುತ್ತದೋ.


ಬೈತಖೋಲ ಬೋಟು · ಮಂಗಳವಾರ ಸಂಜೆ 6:32

ಗುಡಿ, ದೇವಸ್ಥಾನ ಯಾವುದೂ ಬೇಡ. ನಾವು "ದೇವರಿಗೆ ಹೋಗಿ ಬಂದೆ" ಅಂತೀವಿ. ಎಲ್ಲಿಗೆ ಅಂತ ಯಾರೂ ಕೇಳುವುದಿಲ್ಲ. ಮೊನ್ನೆ ಗೋಕರ್ಣಕ್ಕೆ ಹೋದವರು ಮಧ್ಯಾಹ್ನ ತಡವಾಗಿ ತಲುಪಿದರಂತೆ. ಬಂದು ಹೇಳಿದ್ದು: "ದೇವರು ಬಾಗಿಲು ಹಾಕಿತ್ತು." ಭಟ್ಟರು ಹಾಕಿದ ಬಾಗಿಲನ್ನು ದೇವರ ಮೇಲೆ ಹೊರಿಸಿದರು.


ಕರಿಕಾನು · ಮಂಗಳವಾರ ರಾತ್ರಿ 8:05

'ದೇವರ' ಅಂತ ಮುಂದೆ ಸೇರಿಸಿದರೆ ಇನ್ನೊಂದು ಅರ್ಥ ಬರುತ್ತದೆ: ಮುಟ್ಟಬೇಡ. ದೇವರ ಕಾನು ಅಂದರೆ ಅಲ್ಲಿ ಕತ್ತಿ ಹಾಕಬೇಡ. ದೇವರ ಕೋಣ ಅಂದರೆ ಅದು ಗದ್ದೆಗೆ ನುಗ್ಗಿದರೂ ಹೊಡೆಯಬೇಡ. ಹೊನ್ನಾವರದ ಗುಡ್ಡದ ಮೇಲೆ ನಮ್ಮ ಕರಿಕಾನಮ್ಮ ಇದ್ದಾಳಲ್ಲ, ಅಲ್ಲಿ ಸುತ್ತ ಇವತ್ತೂ ಧೂಪದ ಮರಗಳು ನಿಂತಿವೆ. ತಲೆ ಎತ್ತಿದರೆ ಟೋಪಿ ಬೀಳುತ್ತದೆ, ಅಷ್ಟು ಎತ್ತರ. ಅರಣ್ಯ ಇಲಾಖೆ ಬರುವ ಎಷ್ಟೋ ಮೊದಲೇ ಆ ಮರಗಳಿಗೆ ಕಾವಲು ಇದ್ದದ್ದು 'ದೇವರ' ಅನ್ನುವ ಮೂರು ಅಕ್ಷರ.


ಪುನರ್ವಸತಿ ಕಾಲೊನಿ, ಅಂಕೋಲಾ · ಮಂಗಳವಾರ ರಾತ್ರಿ 9:20

ಓದುತ್ತ ಕೂತಿದ್ದೆ. ಬರೆಯಬೇಕೋ ಬೇಡವೋ ಅಂತ ಇತ್ತು.

ನೌಕಾನೆಲೆಯ ಸೀಬರ್ಡ್ ಯೋಜನೆಗೆ ನಮ್ಮ ಊರು ಹೋಯಿತು. ಮನೆ ಬಿಡುವ ದಿನ ಎಲ್ಲರೂ ಬಾಗಿಲು, ಕಿಟಕಿ, ಹಂಚು ಇಳಿಸಿ ಲಾರಿಗೆ ಹೇರಿದರು. ದೇವರನ್ನು ಲಾರಿಗೆ ಹೇರಲು ಹಿರಿಯರು ಒಪ್ಪಲಿಲ್ಲ. ಕೇಳಿಯೇ ಎತ್ತಬೇಕು ಅಂದರು. ಪ್ರಸಾದ ಕೇಳಿದರು. ಕಲ್ಲಿಗೆ ಹೂವಿನ ಎಸಳು ಹಚ್ಚಿ ಕಾದರು. ಬಲಗಡೆಯದು ಬಿದ್ದರೆ ಹೌದು. ಬೀಳಲೇ ಇಲ್ಲ. ಗಂಟೆಗಟ್ಟಲೆ ಕಾದೆವು. ಬಿಸಿಲು ಏರಿತು. ಲಾರಿಯವನು ಹಾರ್ನು ಹೊಡೆಯುತ್ತಿದ್ದ. ಕೊನೆಗೆ ನನ್ನ ಅಜ್ಜಿ ಎದ್ದು ಹೋಗಿ ಕಲ್ಲಿನ ಎದುರು ಕೂತು, ಮಗುವಿಗೆ ಹೇಳಿದ ಹಾಗೆ ಹೇಳಿದಳು. "ನೀನು ಇಲ್ಲೇ ಕೂತರೆ ನಿನಗೆ ದೀಪ ಹಚ್ಚುವವರು ಯಾರು? ಬಾ." ಸ್ವಲ್ಪ ಹೊತ್ತಿಗೆ ಎಸಳು ಬಿತ್ತು. ಬಲಕ್ಕೆ.

ಎಳನೀರು ಒಡೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ನಡೆದುಕೊಂಡೇ ತಂದೆವು. ಕಾಲೊನಿಯಲ್ಲಿ ಮೊದಲ ಒಂದು ವರ್ಷ ನಾಲ್ಕು ತಗಡಿನ ಕೆಳಗೆ ಇತ್ತು. ಆದರೂ ನಾವು "ದೇವರಿಗೆ ಹೋಗಿ ಬಂದೆ" ಅಂತಲೇ ಅಂತಿದ್ದೆವು. ಹಳೇ ಊರಿನಲ್ಲಿ ಉಳಿದ ಗೋಡೆಗಳಿಗೆ ಮಾತ್ರ ಗುಡಿ ಅನ್ನುವ ಹೆಸರು ಉಳಿಯಿತು.

ಕಾಲೊನಿ ತಲುಪಿದಾಗ ಅಲ್ಲಿ ಮೊದಲೇ ಬಂದಿದ್ದ ಹೆಂಗಸರು ಕೂಗಿದ್ದು "ದೇವರು ಬಂತು" ಅಂತ. ಇವತ್ತು ಈ ಚರ್ಚೆ ಓದುವಾಗ ಆ ಕೂಗು ಕೇಳಿದ ಹಾಗಾಯಿತು. ಅಲ್ಲಿ 'ಬಂದರು' ಅಂತ ತಿದ್ದಲು ನನ್ನಿಂದ ಆಗುವುದಿಲ್ಲ.


ಅಡಿಕೆ ಸಿಪ್ಪೆ, ಶಿರಸಿ · ಮಂಗಳವಾರ ರಾತ್ರಿ 9:41

ಅಜ್ಜಿ 'ಬಾ' ಅಂದರು. ಬನ್ನಿ ಅನ್ನಲಿಲ್ಲ.


ಮಂಡ್ಯದ ಅಳಿಯ · ಮಂಗಳವಾರ ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ಆ ಗಂಡ ನಾನೇ. ಹೆಂಡತಿ ಇಲ್ಲಿ ಬರೆದಿದ್ದಾಳೆ ಅಂತ ಇವತ್ತು ಗೊತ್ತಾಯಿತು.

ನನ್ನ ಮಾತನ್ನು ಗಟ್ಟಿ ಮಾಡಿಕೊಳ್ಳಲು ಊರಿಗೆ ಅವ್ವನಿಗೆ ಫೋನು ಮಾಡಿದೆ. ಸ್ಪೀಕರಿನಲ್ಲಿ ಹಾಕಿದೆ, ಹೆಂಡತಿ ಮಗಳು ಇಬ್ಬರೂ ಕೇಳಲಿ ಅಂತ. "ಅವ್ವ, ಹಬ್ಬದಲ್ಲಿ ದೇವ್ರು ಮನೆ ಮುಂದಕ್ಕೆ ಬಂದಾಗ ನೀನು ಏನಂತೀಯ?" ಅಂತ ಕೇಳಿದೆ.

"ದೇವ್ರು ಬಂತು ಕಣ್ಲಾ ಅಂತೀನಿ. ಇನ್ನೇನು ಅಂತಾರೆ?"

ಮಗಳು ನಕ್ಕಿದ್ದು ಪಕ್ಕದ ಮನೆಗೂ ಕೇಳಿಸಿತು. ನನ್ನ ವಾದ ಅಲ್ಲಿಗೆ ಮುಗಿಯಿತು. ಆದರೆ 'ದೇವರಿದ್ದಾನೆ' ಅನ್ನುವಷ್ಟಕ್ಕೆ ಮಾಸ್ತರು ನನ್ನ ಕಡೆ ಇದ್ದಾರೆ, ಅದನ್ನು ಬಿಟ್ಟುಕೊಡುವುದಿಲ್ಲ.


ಕಾಳಿ ಸೇತುವೆ, ಕಾರವಾರ · ಬುಧವಾರ ಸಂಜೆ 7:00

ಎಲ್ಲರಿಗೂ ಥ್ಯಾಂಕ್ಸ್. ಕಾಲೊನಿಯವರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಕೇಳಿ ಸುಮ್ಮನೆ ಕೂತಳು.

ಇವತ್ತು ಶಾಲೆಯ ಹತ್ತಿರ ಅಕ್ಕೋರು ಸಿಕ್ಕಿದ್ದರು. ಮುಂಡಗೋಡದವರು ಊಹಿಸಿದ್ದು ಸರಿ, ಅವರ ತವರು ಹಾವೇರಿ ಕಡೆ. ಜಗಳ ಮಾಡಲಿಲ್ಲ. "ಮನೆಯಲ್ಲಿ ಬಂತು ಅಂತೀರಿ, ಗೊತ್ತು. ಆದರೆ ಪರೀಕ್ಷೆಯಲ್ಲಿ ಬೇರೆಯವರು ತಿದ್ದುತ್ತಾರೆ, ಅವರು ಒಪ್ಪಬೇಕಲ್ಲ" ಅಂದರು. ಅವರ ಕಷ್ಟ ಅವರಿಗೆ. ಅರ್ಧ ಮಾರ್ಕು ವಾಪಸ್ ಬರಲಿಲ್ಲ.

ಪ್ರಬಂಧವನ್ನು ಮತ್ತೆ ಚೆಂದ ಮಾಡಿ ಬರೆದು ಗೋಡೆಗೆ ಅಂಟಿಸುವುದಿತ್ತು. ಮಗಳು ಯಾರನ್ನೂ ಕೇಳದೆ ತಾನೇ ತಿದ್ದಿಕೊಂಡಿದ್ದಾಳೆ. "ರಾತ್ರಿ ಹತ್ತು ಗಂಟೆಗೆ ಪಲ್ಲಕ್ಕಿ ನಮ್ಮ ಬಾಗಿಲಿಗೆ ಬಂತು" ಅಂತ. ಪಲ್ಲಕ್ಕಿಗೆ ಯಾರೂ ಕೆಂಪು ಶಾಯಿ ಹಾಕಲಾರರು ಅಂತ ಅವಳ ಲೆಕ್ಕ. ನನಗೂ ಜಾಣತನ ಅನಿಸಿತು.

ಅಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಓದಿ ಕಾಗದ ವಾಪಸ್ ಕೊಡುತ್ತ ಕೇಳಿದಳು:

"ಪಲ್ಲಕ್ಕಿ ಬಂತು, ಸರಿ. ದೇವರು ಬರಲಿಲ್ವಾ?"